ಸಪ್ತಾಪುರದಲ್ಲಿ ರೊಕ್ಕ ಹಾಕುವ ಮೊದಲು

ಕೋಚಿಂಗ್ ಸೆಂಟರಿಗೆ ಪಾಲುದಾರರು ಬೇಕಾಗಿದ್ದಾರೆ ಎಂಬ ಮಾತು ಧಾರವಾಡದಲ್ಲಿ ಹುಟ್ಟುವುದೇ ಹೊಸ ಬ್ಯಾಚ್ ತುಂಬಿದ ವಾರ. ಹಾಲ್ ಗಿಜಿಗುಡುತ್ತಿರುತ್ತದೆ, ರಸೀದಿ ಪುಸ್ತಕ ಮುಗಿಯುತ್ತ ಬಂದಿರುತ್ತದೆ, ಬ್ಯಾಂಕಿನಲ್ಲಿ ಹದಿನೈದು ಇಪ್ಪತ್ತು ಲಕ್ಷ ಕೂತಿರುತ್ತದೆ. "ನೋಡ್ರಿ ಸರ, ಬರೇ ಒಂದ ಬ್ಯಾಚಿನ ರೊಕ್ಕ ಇದು" ಎಂದು ಮಾಲೀಕರು ಮೊಬೈಲ್ ತೆಗೆದು ಬ್ಯಾಲೆನ್ಸ್ ತೋರಿಸುತ್ತಾರೆ. ಅದು ಸುಳ್ಳಲ್ಲ. ಆದರೆ ಆ ರೊಕ್ಕ ಇನ್ನೂ ಅವರದಾಗಿಲ್ಲ. ಆರು ತಿಂಗಳು ಪಾಠ ಹೇಳುತ್ತೇವೆಂದು ಮುಂಗಡವಾಗಿ ಇಸಿದುಕೊಂಡದ್ದು ಅದು. ಪಾಠ ಮುಗಿಯುವವರೆಗೂ ಲೆಕ್ಕದಲ್ಲಿ ಅದರ ಜಾಗ ಸಾಲದ ಕಡೆಗೇ. ಶಿಕ್ಷಣದ ವ್ಯಾಪಾರದಲ್ಲಿ ಬಂಡವಾಳ ಹಾಕುವವರು ಎಡವುವುದು ಬಹುತೇಕ ಈ ಒಂದೇ ಹೊಸ್ತಿಲಲ್ಲಿ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಸಂಸ್ಥೆಗಳ ಲೆಕ್ಕ ನೋಡಿ ಹೌದು, ಅಲ್ಲ ಹೇಳುವ ಕೆಲಸದಲ್ಲಿರುವ ನಾವು ಯಾವ ಕ್ರಮದಲ್ಲಿ ನೋಡುತ್ತೇವೆ, ಎಲ್ಲಿ ಏನು ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಲೆಕ್ಕದ ಪುಸ್ತಕ ಕೇಳುವ ಮುಂಚೆ ಬೆಳಿಗ್ಗೆ ಏಳಕ್ಕೆ ಹೋಗಿ ಚಪ್ಪಲಿ ಎಣಿಸುವುದು ನಮ್ಮ ಮೊದಲ ಕೆಲಸ. ಧಾರವಾಡದ ಸಪ್ತಾಪುರ, ಜಯನಗರ, ಶ್ರೀನಗರ ಸರ್ಕಲ್ ಸುತ್ತಿನ ಎಷ್ಟೋ ಸೆಂಟರ್‌ಗಳಲ್ಲಿ ಹುಡುಗರು ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟೇ ಒಳಗೆ ಹೋಗುವುದು. ಬ್ಯಾಚ್ ಶುರುವಾದ ಮೊದಲ ಎರಡು ವಾರ ಎಣಿಸಿ ಉಪಯೋಗವಿಲ್ಲ, ಆಗ ಎಲ್ಲರೂ ಬರುತ್ತಾರೆ. ಆರನೆಯ ವಾರ ಹೋಗಬೇಕು, ಸೋಮವಾರ ಒಮ್ಮೆ, ನಡುವಾರ ಒಮ್ಮೆ, ಶನಿವಾರ ಒಮ್ಮೆ. ರಿಜಿಸ್ಟರಿನಲ್ಲಿ 120 ಹೆಸರಿದ್ದು ಮೆಟ್ಟಿಲ ಬಳಿ 70 ಜೊತೆ ಇದ್ದರೆ ಎರಡನೇ ಕಂತು ಎಷ್ಟು ಬಂದೀತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಪಕ್ಕದ ಝೆರಾಕ್ಸ್ ಅಂಗಡಿಯವರನ್ನೂ ಮಾತಾಡಿಸಬೇಕು. ಈ ಸೆಂಟರಿನ ನೋಟ್ಸ್ ಎಷ್ಟು ಸೆಟ್ ಹೋಯಿತು ಎಂಬ ಅವರ ಅಂದಾಜು ಮಾಲೀಕರ ರಿಜಿಸ್ಟರಿಗಿಂತ ಹೆಚ್ಚು ನಿಖರ. ಜೊತೆಗೆ ಅದೇ ಓಣಿಯ ಲೈಬ್ರರಿಗಳಲ್ಲಿ, ಅಂದರೆ ತಿಂಗಳ ಬಾಡಿಗೆಗೆ ಕುರ್ಚಿ ಟೇಬಲ್ ಕೊಡುವ ಓದುವ ಹಾಲ್‌ಗಳಲ್ಲಿ, ಕ್ಲಾಸಿನ ಹೊತ್ತಿಗೇ ಈ ಸೆಂಟರಿನ ಹುಡುಗರು ಕೂತಿದ್ದರೆ ಫೀ ಕೊಟ್ಟೂ ಅವರಿಗೆ ಪಾಠ ರುಚಿಸುತ್ತಿಲ್ಲ ಎಂದೇ ತಿಳಿಯಬೇಕು.

ಎಣಿಕೆ ಮುಗಿದ ಮೇಲೆ ಪುಸ್ತಕ. ಪ್ರವೇಶದ ರಿಜಿಸ್ಟರ್, ರಸೀದಿ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ರಿಟರ್ನ್, ಈ ನಾಲ್ಕನ್ನೂ ಒಂದೇ ಮೇಜಿನ ಮೇಲೆ ಹರಡಿ ಒಂದೇ ಬ್ಯಾಚಿನ ಲೆಕ್ಕ ತಾಳೆ ನೋಡುತ್ತೇವೆ. ನಾಲ್ಕೂ ಕೂಡಿಬಂದದ್ದು ಅಪರೂಪ. ಅರ್ಧ ಫೀ ನಗದಾಗಿ ಬಂದಿರುತ್ತದೆ, ಕಾಲು ಭಾಗ ಮನೆಯವರ ಫೋನಿನ ಯುಪಿಐಗೆ ಹೋಗಿರುತ್ತದೆ, ಉಳಿದದ್ದು ಮಾತ್ರ ಸಂಸ್ಥೆಯ ಖಾತೆಗೆ. ಶಾಲೆ, ಪಿಯು ಕಾಲೇಜಿನ ಫೀಗೆ ಜಿಎಸ್‌ಟಿ ಇಲ್ಲ, ಆದರೆ ಕೋಚಿಂಗಿಗೆ ಶೇ. 18 ಇದೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಇದನ್ನು ತಪ್ಪಿಸಿಕೊಳ್ಳಲು ಒಂದೇ ಹಾಲಿನ ಪಾಠವನ್ನು ಗಂಡನ ಹೆಸರಲ್ಲಿ ಒಂದು, ಹೆಂಡತಿ ಹೆಸರಲ್ಲಿ ಒಂದು, ತಮ್ಮನ ಹೆಸರಲ್ಲಿ ಒಂದು ಎಂದು ಮೂರು ತುಂಡು ಮಾಡಿ ಪ್ರತಿಯೊಂದನ್ನೂ 20 ಲಕ್ಷದ ಕೆಳಗೆ ಇಟ್ಟಿರುತ್ತಾರೆ. ಒಂದೇ ಬೋರ್ಡು, ಒಂದೇ ಹಾಲು, ಅದೇ ಮೇಷ್ಟ್ರು. ಇಲಾಖೆ ಮೂರನ್ನೂ ಕೂಡಿಸಿ ಲೆಕ್ಕ ಹಾಕಿದ ದಿನ ತೆರಿಗೆ, ಅದರ ಮೇಲೆ ವರ್ಷಕ್ಕೆ ಶೇ. 18 ಬಡ್ಡಿ, ದಂಡ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತದೆ. ಆ ಹೊತ್ತಿಗೆ ಒಳಗೆ ನಿಮ್ಮ ರೊಕ್ಕವೂ ಇದ್ದರೆ ಹಳೆಯ ಪಾಪದಲ್ಲಿ ನಿಮಗೂ ಪಾಲು.

ಇನ್ನು ಲಾಭದ ಲೆಕ್ಕ. ಉದಾಹರಣೆಗೆ ಒಂದು ಎಫ್‌ಡಿಎ-ಪಿಎಸ್‌ಐ ಬ್ಯಾಚ್, ಅಂದರೆ ಪ್ರಥಮ ದರ್ಜೆ ಸಹಾಯಕ, ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗಳ ಬ್ಯಾಚ್, ಹಿಡಿಯೋಣ. ಅಂಕಿಗಳು ಲೆಕ್ಕ ತೋರಿಸಲು ನಾವು ಇಟ್ಟುಕೊಂಡವು. 120 ಹುಡುಗರು, ತೆರಿಗೆ ಸೇರಿ ತಲಾ 15,000 ರೂಪಾಯಿ, ಎರಡು ಕಂತು, ಆರು ತಿಂಗಳ ಪಾಠ. ಒಟ್ಟು 18 ಲಕ್ಷ. ತಿಂಗಳಿಗೆ ಹಾಲಿನ ಬಾಡಿಗೆ 40,000, ಹೊರಗಿನ ಉಪನ್ಯಾಸಕರಿಗೆ 60 ತಾಸು ತಲಾ 800ರಂತೆ 48,000, ಮೂವರು ಸಿಬ್ಬಂದಿಗೆ 45,000, ಕರೆಂಟು-ಇನ್ವರ್ಟರ್ 12,000, ಪ್ರಚಾರಕ್ಕೆ 30,000. ಕೂಡಿಸಿದರೆ 1,75,000. ಆರು ತಿಂಗಳಿಗೆ 10.5 ಲಕ್ಷ. ನೋಟ್ಸ್ ಮುದ್ರಣಕ್ಕೆ ತಲೆಗೆ 900ರಂತೆ 1,08,000. ಒಟ್ಟು ಖರ್ಚು 11,58,000. ಮಾಲೀಕರ ಬಾಯಿಲೆಕ್ಕದಲ್ಲಿ ಉಳಿತಾಯ 6,42,000. ಅದನ್ನೇ ವರ್ಷಕ್ಕೆ ಎರಡು ಬ್ಯಾಚಿನಿಂದ ಗುಣಿಸಿ, ಮೂರು ವರ್ಷದ ಬೆಲೆ ಕಟ್ಟಿ, ಅದರಲ್ಲಿ ನಾಲ್ಕಾಣೆ ಪಾಲು ಎಂದು ನಿಮ್ಮ ಮುಂದೆ ಇಡುತ್ತಾರೆ.

ಈಗ ಒಂದೊಂದಾಗಿ ಕಳೆಯಬೇಕು. 18 ಲಕ್ಷದ ಒಳಗೆ ಜಿಎಸ್‌ಟಿ 2,74,576 ಅಡಗಿದೆ, ಅದು ಸರ್ಕಾರದ್ದು. ಸೇವೆಗಳಿಗೆ ಮುಂಗಡ ಕೈಸೇರಿದಾಗಲೇ ತೆರಿಗೆಯ ಹೊಣೆ ಹುಟ್ಟುವುದರಿಂದ ತಿಂಗಳ ರಿಟರ್ನ್ ಸಲ್ಲಿಸುವವರು ಮರುತಿಂಗಳು 20ರೊಳಗೆ ಕಟ್ಟಬೇಕು, ಪಾಠ ಮುಗಿಯುವವರೆಗೆ ಕಾಯುವಂತಿಲ್ಲ. ಆಮೇಲೆ ಎರಡನೇ ಕಂತು ಕೊಡದೆ ಊರಿಗೆ ಹೋಗುವವರು. ನೂರಕ್ಕೆ ಹತ್ತರಂತೆ 12 ಹುಡುಗರು ಎಂದರೂ 90,000 ಬರುವುದಿಲ್ಲ. ಬಂದದ್ದು 17,10,000, ಅದರಲ್ಲಿ ತೆರಿಗೆ ತೆಗೆದರೆ 14,49,153. ಖರ್ಚು ಕಳೆದರೆ 2,91,153. ಮಾಲೀಕರು ತಾವೇ ತಿಂಗಳಿಗೆ 40 ತಾಸು ಪಾಠ ಹೇಳುತ್ತಾರಲ್ಲ, ಅದಕ್ಕೆ ಸಂಬಳ ಬರೆದೇ ಇಲ್ಲ. ಅವರ ಜಾಗದಲ್ಲಿ ಇನ್ನೊಬ್ಬರನ್ನು ಅದೇ 800ಕ್ಕೆ ಕರೆದರೆ ಆರು ತಿಂಗಳಿಗೆ 1,92,000. ಅದನ್ನೂ ಕಳೆದರೆ ಉಳಿಯುವುದು 99,153 ರೂಪಾಯಿ. 6,42,000 ಎಂದು ಕೇಳಿದ್ದು ಒಂದು ಲಕ್ಷಕ್ಕಿಂತಲೂ ಕೆಳಗಿಳಿಯಿತು, ಅದೂ ಎಲ್ಲ ಸರಿಯಾಗಿ ನಡೆದರೆ. ಮೇಷ್ಟ್ರ ತಾಸಿನ ದರ ಇನ್ನೂರು ರೂಪಾಯಿ ಏರಿದರೆ ಮುಗಿಯಿತು, ಲೆಕ್ಕ ನಷ್ಟಕ್ಕೆ ಹೊರಳುತ್ತದೆ.

ಇದು ಸಣ್ಣ ಊರಿನ ಸಣ್ಣ ಸೆಂಟರಿನ ರೋಗವೆಂದು ತಿಳಿಯಬೇಡಿ. 2022ರಲ್ಲಿ 22 ಶತಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಆನ್‌ಲೈನ್ ಪಾಠದ ಕಂಪನಿ ಬೈಜೂಸ್ ತನ್ನ 2020-21ರ ಲೆಕ್ಕಪತ್ರ ಹೊರಗಿಟ್ಟದ್ದು 2022ರ ಸೆಪ್ಟೆಂಬರಿನಲ್ಲಿ. ಫೀಯನ್ನು ಆದಾಯವೆಂದು ಯಾವಾಗ ಬರೆದುಕೊಳ್ಳಬೇಕು ಎಂಬ ಕ್ರಮ ಬದಲಾದ ಮೇಲೆ ನಷ್ಟ 4,500 ಕೋಟಿ ದಾಟಿತ್ತು. 2023ರ ಜೂನಿನಲ್ಲಿ ಲೆಕ್ಕಪರಿಶೋಧಕ ಸಂಸ್ಥೆ ಡೆಲಾಯ್ಟ್ ಬಿಟ್ಟುಹೋಯಿತು, 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆಗೆ ಒಪ್ಪಿತು. ಸೊನ್ನೆಗಳ ಸಂಖ್ಯೆ ಬೇರೆ, ತಪ್ಪು ಒಂದೇ ಜಾತಿಯದು. ಈಗ ನಮ್ಮ ಕಡೆಯೂ 'ಬಡ್ಡಿ ಇಲ್ಲದ ಇಎಂಐ' ಬಂದಿದೆ. ಹಣಕಾಸು ಕಂಪನಿ ವಿದ್ಯಾರ್ಥಿಯ ಹೆಸರಲ್ಲಿ ಸಾಲ ಬರೆದುಕೊಂಡು ಪೂರ್ತಿ ಫೀಯನ್ನು ಸೆಂಟರಿಗೆ ಮೊದಲೇ ಕೊಡುತ್ತದೆ, ತನ್ನ ಬಡ್ಡಿಯನ್ನು ಅದರಲ್ಲೇ ಮುರಿದುಕೊಳ್ಳುತ್ತದೆ. ಹುಡುಗ ಕಂತು ನಿಲ್ಲಿಸಿದರೆ ಸೆಂಟರು ತುಂಬಿಕೊಡಬೇಕೆಂಬ ಷರತ್ತು ಕರಾರಿನ ಹಿಂದಿನ ಪುಟದಲ್ಲಿ ಇದೆಯೇ ಎಂದು ಓದಿಯೇ ನೋಡಬೇಕು. ಇಂಥ ಖಾತರಿಗೆ ರಿಸರ್ವ್ ಬ್ಯಾಂಕು 2023ರ ಜೂನಿನಲ್ಲಿ ಒಟ್ಟು ಸಾಲದ ಶೇ. 5ರ ಮಿತಿ ಹಾಕಿದೆ. ಬಾಯಿಮಾತಿನ ಖಾತರಿಗೆ ಮಿತಿಯೂ ಇಲ್ಲ, ದಾಖಲೆಯೂ ಇಲ್ಲ.

ಸ್ಪರ್ಧಾತ್ಮಕ ಪರೀಕ್ಷೆಯ ಸೆಂಟರಿನ ನಿಜವಾದ ಕ್ಯಾಲೆಂಡರ್ ಅದರ ಗೋಡೆಯ ಮೇಲಿರುವುದಿಲ್ಲ, ವಿಧಾನಸೌಧದಲ್ಲಿರುತ್ತದೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್ 3ರಂದು ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿ 23ರಂದು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ಆಗಿ, ಕನ್ನಡ ಅನುವಾದದ ತಪ್ಪುಗಳಿಂದ ಗದ್ದಲವೆದ್ದು, ಡಿಸೆಂಬರ್ 29ರಂದು ಮತ್ತೆ ಆಯಿತು. ಅದರ ನಡುವೆ, 2024ರ ಅಕ್ಟೋಬರ್ ಕೊನೆಗೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ನಿರ್ಧರಿಸಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ ಬಂದು ಸರ್ಕಾರ ತೀರ್ಮಾನ ಮಾಡಿದ್ದು 2025ರ ಆಗಸ್ಟಿನಲ್ಲಿ. ಹತ್ತು ತಿಂಗಳು ನೋಟಿಫಿಕೇಶನ್ ಇಲ್ಲವೆಂದರೆ ಕೋಚಿಂಗಿಗಷ್ಟೇ ಪೆಟ್ಟಲ್ಲ. ಪಿಜಿ ಖಾಲಿ, ಖಾನಾವಳಿ ಖಾಲಿ, ಲೈಬ್ರರಿಯಲ್ಲಿ ಅರ್ಧ ಕುರ್ಚಿ ಖಾಲಿ. ಬಾಡಿಗೆ ಮಾತ್ರ ತಿಂಗಳು ತಿಂಗಳು ಬರುತ್ತದೆ.

ಆದ್ದರಿಂದ "ಈ ಸಲ ಪಿಎಸ್‌ಐ ಕರದ್ರ ಹಾಲ್ ಸಾಲಂಗಿಲ್ರಿ" ಎನ್ನುವವರಿಗೆ ನಾವು ಕೇಳುವುದು: ಕರೆಯದಿದ್ದರೆ ಎಷ್ಟು ತಿಂಗಳು ನಡೆಸುತ್ತೀರಿ? ಮೇಲಿನ ಉದಾಹರಣೆಯಲ್ಲಿ ಬಾಡಿಗೆ, ಸಿಬ್ಬಂದಿ, ಕರೆಂಟು ಮೂರೇ ತಿಂಗಳಿಗೆ 97,000. ಎಂಟು ತಿಂಗಳ ಬರಗಾಲಕ್ಕೆ 7,76,000 ಪಕ್ಕಕ್ಕಿಟ್ಟಿರಬೇಕು. ಆ ಗಂಟು ಇಲ್ಲದ ಸೆಂಟರು ಹೊಸ ಬ್ಯಾಚಿನ ಫೀಯಿಂದ ಹಳೆಯ ಬ್ಯಾಚಿನ ಮೇಷ್ಟ್ರ ಬಾಕಿ ತೀರಿಸುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಇದು ಕಾಣುವುದಿಲ್ಲ. ಉಪನ್ಯಾಸಕರನ್ನು ಚಹಾಕ್ಕೆ ಕರೆದು "ಕಳೆದ ತಿಂಗಳ ಪೇಮೆಂಟ್ ಯಾವಾಗ ಆತ್ರಿ ಸರ" ಎಂದು ಕೇಳಿದರೆ ಎರಡು ನಿಮಿಷದಲ್ಲಿ ಕಾಣುತ್ತದೆ. ಒಂದೇ ಪರೀಕ್ಷೆಗೆ ನೇತುಬಿದ್ದ ಸೆಂಟರಿಗಿಂತ ಬ್ಯಾಂಕಿಂಗ್, ರೈಲ್ವೆ, ಟಿಇಟಿ, ಕೆಪಿಎಸ್‌ಸಿ ಎಂದು ನಾಲ್ಕು ಕಡೆ ಕಾಲಿಟ್ಟದ್ದು ಮೇಲು, ಮೇಷ್ಟ್ರು ಸಿಗುವುದಾದರೆ.

ಮೇಷ್ಟ್ರ ಮಾತು ಬಂತಲ್ಲ, ಇಡೀ ವ್ಯಾಪಾರದ ನಡುಗಂಬ ಅವರೇ. ಧಾರವಾಡದ ಹುಡುಗರು ಸಂಸ್ಥೆಯ ಹೆಸರು ಹೇಳುವುದು ಕಡಿಮೆ. 'ಆ ಹಿಸ್ಟರಿ ಸರ್ ಕ್ಲಾಸು', 'ಮೆಂಟಲ್ ಎಬಿಲಿಟಿ ಸರ್ ಬ್ಯಾಚು' ಎನ್ನುತ್ತಾರೆ. ಆ ಸರ್ ಎದ್ದು ಎದುರಿನ ಕಟ್ಟಡಕ್ಕೆ ಹೋದರೆ ಬ್ಯಾಚೂ ಎದ್ದುಹೋಗುತ್ತದೆ. ಬಿಟ್ಟುಹೋದ ಮೇಲೆ ಎರಡು ವರ್ಷ ಊರಲ್ಲಿ ಪಾಠ ಹೇಳಬಾರದು ಎಂದು ಬಾಂಡ್ ಬರೆಸಿಕೊಂಡಿದ್ದೇವೆ ಎಂದು ಮಾಲೀಕರು ಧೈರ್ಯ ಹೇಳುತ್ತಾರೆ. ಆ ಕಾಗದ ನಿಲ್ಲುವುದಿಲ್ಲ. 1872ರ ಕರಾರು ಕಾಯಿದೆಯ 27ನೇ ಕಲಂ ಪ್ರಕಾರ ಒಬ್ಬರ ಕಸುಬಿಗೆ ತಡೆ ಹಾಕುವ ಕರಾರು ಅನೂರ್ಜಿತ. ಅದೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ: ವ್ಯಾಪಾರದ ಗುಡ್‌ವಿಲ್, ಅಂದರೆ ಅದರ ಹೆಸರು ಮತ್ತು ಗಿರಾಕಿಗಳ ನಂಬಿಕೆ, ಮಾರಿದವರು, ಗೊತ್ತುಪಡಿಸಿದ ಊರಿನ ಎಲ್ಲೆಯೊಳಗೆ ಅದೇ ವ್ಯಾಪಾರ ಮಾಡುವುದಿಲ್ಲ ಎಂದು ಒಪ್ಪಿದರೆ, ಎಲ್ಲೆ ನ್ಯಾಯವಾಗಿದ್ದರೆ, ಅದು ನಡೆಯುತ್ತದೆ. ಹಾಗಾಗಿ ಮಾಲೀಕರೇ ಮುಖ್ಯ ಉಪನ್ಯಾಸಕರಾದ ಸೆಂಟರಿನಲ್ಲಿ ಗುಡ್‌ವಿಲ್ಲನ್ನು ಬೇರೆ ಸಾಲಿನಲ್ಲಿ, ಬೇರೆ ಬೆಲೆ ಹಾಕಿ ಬರೆಸುವುದು ಒಳ್ಳೆಯದು. ಸಂಬಳದ ಮೇಷ್ಟ್ರನ್ನು ಕಾಗದದಿಂದ ಹಿಡಿಯಲಾಗದು, ಸಮಯಕ್ಕೆ ಪೇಮೆಂಟ್ ಕೊಟ್ಟು, ಬ್ಯಾಚಿನ ಉಳಿತಾಯದಲ್ಲಿ ಪಾಲು ಕೊಟ್ಟು ಹಿಡಿಯಬೇಕು. ಒಬ್ಬರೇ ಮೇಷ್ಟ್ರ ಕೈಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತಾಸು ಇದ್ದರೆ ನಾವು ಬೆಲೆಯನ್ನು ಅಲ್ಲೇ ಇಳಿಸುತ್ತೇವೆ.

ಬ್ಯಾನರಿನ ಫೋಟೋಗಳ ಬಗ್ಗೆ ಎರಡು ಮಾತು. ಒಂದೇ ಆಯ್ಕೆಯಾದ ಹುಡುಗಿಯ ಮುಖ ನಾಲ್ಕು ಸೆಂಟರ್‌ಗಳ ಬ್ಯಾನರಿನಲ್ಲಿ ನಗುತ್ತಿರುವುದು ಸಪ್ತಾಪುರಕ್ಕೆ ಹೊಸದಲ್ಲ. ಒಂದು ಕಡೆ ಪೂರ್ತಿ ಕೋರ್ಸ್, ಇನ್ನೊಂದು ಕಡೆ ಟೆಸ್ಟ್ ಸೀರೀಸ್, ಮತ್ತೊಂದು ಕಡೆ ಬರೀ ಒಂದು ದಿನದ ಅಣಕು ಸಂದರ್ಶನ. 2024ರ ನವೆಂಬರ್ 13ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಂತೆ, ಆಯ್ಕೆಯಾದ ಮೇಲೆ ಪಡೆದ ಲಿಖಿತ ಒಪ್ಪಿಗೆ ಇಲ್ಲದೆ ಅಭ್ಯರ್ಥಿಯ ಫೋಟೋ ಬಳಸುವಂತಿಲ್ಲ. ಯಾವ ಕೋರ್ಸು, ಎಷ್ಟು ಅವಧಿ ಎಂಬುದನ್ನೂ ಹಾಕಬೇಕು. ಒಪ್ಪಿಗೆ ಪತ್ರಗಳ ಫೈಲು ಕೇಳಿ ನೋಡಿ. ಫೈಲಿನ ಬದಲು ಚಹಾ ಬರುತ್ತದೆ.

ಫೀ ವಾಪಸಾತಿಯೂ ಹೊಣೆಯೇ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿಯಲ್ಲಿ, ನಡುವೆ ಬಿಟ್ಟ ವಿದ್ಯಾರ್ಥಿಗೆ ಉಳಿದ ಅವಧಿಯ ಫೀಯನ್ನು 10 ದಿನದೊಳಗೆ ಮರಳಿಸಬೇಕು, ತಲೆಗೆ ಕನಿಷ್ಠ ಒಂದು ಚದರ ಮೀಟರ್ ಜಾಗ ಇರಬೇಕು, 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಎಂದಿದೆ. ರಾಜ್ಯಗಳು ಜಾರಿ ಮಾಡಿದಂತೆ ಇವು ಹಲ್ಲು ಪಡೆಯುತ್ತವೆ. ಎಂಟನೇ ತರಗತಿಯಿಂದಲೇ ನೀಟ್ 'ಫೌಂಡೇಶನ್' ಎಂದು ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಗೋಕುಲ ರಸ್ತೆಯಲ್ಲೋ ಶುರುಮಾಡುವವರಿಗೆ ಹದಿನಾರರ ಈ ಗೆರೆಯೇ ದೊಡ್ಡ ಅಪಾಯ. ಸರ್ಕಾರದ ಒಂದು ಕಾಗದ ಏನು ಮಾಡಬಲ್ಲದು ಎಂಬುದಕ್ಕೆ ಚೀನಾ ಸಾಕ್ಷಿ. 2021ರ ಜುಲೈನಲ್ಲಿ ಶಾಲಾ ವಿಷಯಗಳ ಟ್ಯೂಷನ್ನಿನಿಂದ ಲಾಭ ಮಾಡಕೂಡದು ಎಂದದ್ದೇ ತಡ, ಅಮೆರಿಕದ ಶೇರುಪೇಟೆಯಲ್ಲಿದ್ದ ಅಲ್ಲಿಯ ಟ್ಯೂಷನ್ ಕಂಪನಿಗಳ ಬೆಲೆ ನೆಲ ಕಚ್ಚಿತು.

ಕಟ್ಟಡವನ್ನು ಟೇಪ್ ಹಿಡಿದೇ ನೋಡಬೇಕು. 120 ಹುಡುಗರಿಗೆ 120 ಚದರ ಮೀಟರ್, ಅಂದರೆ ಸುಮಾರು 1,300 ಚದರ ಅಡಿ ಬರೀ ಕೂರಲು. ಎರಡನೇ ಮೆಟ್ಟಿಲು ಇದೆಯೇ, ಕಿಟಕಿಗೆ ಗ್ರಿಲ್ ಬಡಿದು ಮುಚ್ಚಿದ್ದಾರೆಯೇ, ನೆಲಮಾಳಿಗೆಯಲ್ಲಿ ಲೈಬ್ರರಿ ಇದೆಯೇ. ಸೂರತ್ತಿನ ಕೋಚಿಂಗ್ ಕಟ್ಟಡಕ್ಕೆ 2019ರ ಮೇನಲ್ಲಿ ಬೆಂಕಿ ಬಿದ್ದು 22 ಮಂದಿ ಸತ್ತರು, 2024ರ ಜುಲೈನಲ್ಲಿ ದೆಹಲಿಯ ನೆಲಮಾಳಿಗೆ ಲೈಬ್ರರಿಗೆ ಮಳೆನೀರು ನುಗ್ಗಿ ಮೂವರು ಅಭ್ಯರ್ಥಿಗಳು ಹೋದರು. ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿ, ಕಟ್ಟಡಕ್ಕೆ ಮಂಜೂರಾದ ನಕ್ಷೆ, ಅಗ್ನಿಶಾಮಕದವರ ಪತ್ರ ಮೂರನ್ನೂ ಮೂಲಪ್ರತಿಯಲ್ಲೇ ನೋಡಬೇಕು. ಬಾಡಿಗೆ ಕರಾರು ಹೆಚ್ಚಾಗಿ 11 ತಿಂಗಳದು, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯವೆಂದು ಹಾಗೆ ಮಾಡಿರುತ್ತಾರೆ. ನೀವು ಎಂಟು ಲಕ್ಷ ಸುರಿದು ಎಸಿ, ಬೆಂಚು, ಸ್ಮಾರ್ಟ್ ಬೋರ್ಡ್ ಹಾಕಿಸಿದ ಮೇಲೆ ಹನ್ನೆರಡನೇ ತಿಂಗಳು ಮನೆಯೊಡೆಯರು ಬಾಡಿಗೆ ಏರಿಸಿದರೆ ಕೇಳುವವರಿಲ್ಲ. ಐದು ವರ್ಷದ ನೋಂದಾಯಿತ ಲೀಸ್ ಇಲ್ಲದೆ ಒಳಾಂಗಣಕ್ಕೆ ರೊಕ್ಕ ಹಾಕಬಾರದು.

ರೊಕ್ಕ ಯಾವ ರೂಪದಲ್ಲಿ ಹೋಗಬೇಕು? ಒಬ್ಬರ ಹೆಸರಿನ ಸಂಸ್ಥೆಯಾದರೆ ಅದರಲ್ಲಿ ಕೊಳ್ಳಲು ಶೇರೇ ಇಲ್ಲ. ಸಾಮಾನ್ಯ ಪಾಲುದಾರಿಕೆಗೆ ಸೇರಿದರೆ ಸಂಸ್ಥೆಯ ಸಾಲಕ್ಕೆ ನಿಮ್ಮ ಮನೆಯೂ ಹೊಣೆ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ಪ್ರೈವೇಟ್ ಲಿಮಿಟೆಡ್ ಮಾಡಿಸಿದ ಮೇಲೆಯೇ ಮುಂದಿನ ಮಾತು. 'ಶೇರು ಗೀರು ಬ್ಯಾಡ, ಕಂಪನಿಗೆ ಕೈಗಡ ಕೊಡ್ರಿ, ನೂರಕ್ಕೆ ಎರಡು ಬಡ್ಡಿ ಕೊಡತೇವಿ' ಎನ್ನುವ ದಾರಿಯೂ ಸಲೀಸಲ್ಲ. ನಿರ್ದೇಶಕರಲ್ಲದ ಹೊರಗಿನ ವ್ಯಕ್ತಿಯಿಂದ ಕಂಪನಿ ಹೀಗೆ ಸಾಲ ಪಡೆದರೆ 2013ರ ಕಂಪನಿ ಕಾಯಿದೆಯಲ್ಲಿ ಅದು ಠೇವಣಿ ಎನಿಸಿ ನಿಯಮಗಳ ಉರುಳಿಗೆ ಸಿಲುಕುತ್ತದೆ. ನಗದಾಗಿ 20,000 ಅಥವಾ ಅದಕ್ಕಿಂತ ಹೆಚ್ಚು ಸಾಲ ಕೊಟ್ಟುಕೊಳ್ಳುವುದಂತೂ ಆದಾಯ ತೆರಿಗೆಯಲ್ಲಿ ನಿಷಿದ್ಧ.

ಕೋಚಿಂಗ್ ಬೇಡ, ಶಾಲೆಗೇ ಹಾಕೋಣ ಎನ್ನುವವರು ಬಹಳ. ಅಲ್ಲಿ ಆಟದ ನಿಯಮವೇ ಬೇರೆ. ನಮ್ಮಲ್ಲಿ ಶಾಲೆಯನ್ನು ನಡೆಸುವುದು ಟ್ರಸ್ಟ್, ಸೊಸೈಟಿ ಅಥವಾ ಲಾಭ ಹಂಚದ ಕಂಪನಿ, ಸಿಬಿಎಸ್‌ಇ ಮಾನ್ಯತೆಗೂ ಅದೇ ಬೇಕು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ, ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಮಿಗುತಾಯ ತಪ್ಪಲ್ಲ, ಲಾಭಕೋರತನ ಮತ್ತು ಕ್ಯಾಪಿಟೇಶನ್, ಅಂದರೆ ಸೀಟಿಗಾಗಿ ಫೀ ಮೀರಿ ಇಸಿದುಕೊಳ್ಳುವ ರೊಕ್ಕ, ಸಲ್ಲದು ಎಂದಿತು. ಕ್ಯಾಪಿಟೇಶನ್ ತಡೆಗೆ ಕರ್ನಾಟಕದಲ್ಲಿ 1984ರಿಂದಲೇ ಕಾಯಿದೆ ಇದೆ. ಅರ್ಥ ಇಷ್ಟೇ: ಮಿಗುತಾಯ ಶಾಲೆಯಲ್ಲೇ ಉಳಿಯಬೇಕು, ನಿಮ್ಮ ಜೇಬಿಗೆ ಬರುವಂತಿಲ್ಲ. ಟ್ರಸ್ಟಿನಲ್ಲಿ ಪಾಲು ಎಂಬುದಿಲ್ಲ. 'ನಾಲ್ಕಾಣೆ ಪಾಲು, ಟ್ರಸ್ಟಿಯಾಗಿ ಹೆಸರು ಹಾಕಸ್ತೇವಿ' ಎಂದು 40 ಲಕ್ಷ ಕೊಟ್ಟರೆ ಕಾನೂನಿನ ಕಣ್ಣಿಗೆ ಅದು ದೇಣಿಗೆ. ಮುಂದಿನ ಸಭೆಯಲ್ಲಿ ಠರಾವು ಮಾಡಿ ಹೆಸರು ತೆಗೆದರೆ ದೇಣಿಗೆ ವಾಪಸ್ ಕೇಳಲು ಬಾಯಿಲ್ಲ.

ಅದಕ್ಕೇ ಜನ ಸುತ್ತುದಾರಿ ಹಿಡಿಯುತ್ತಾರೆ. ಶಾಲೆ ಟ್ರಸ್ಟಿನದು, ಕಟ್ಟಡ ಹೂಡಿಕೆದಾರರದು, ಬಸ್ಸು, ಪುಸ್ತಕ, ಸಮವಸ್ತ್ರ, ಆಡಳಿತ ಸೇವೆ ಒಂದು ಪ್ರೈವೇಟ್ ಕಂಪನಿಯದು. ಬಾಡಿಗೆ, ಸೇವಾಶುಲ್ಕದ ಹೆಸರಲ್ಲಿ ರೊಕ್ಕ ಹೊರಬರುತ್ತದೆ. ಕಾನೂನು ಇದನ್ನು ಪೂರ್ತಿ ಮುಚ್ಚಿಲ್ಲ, ಆದರೆ ಅಳೆಯುತ್ತದೆ. ಟ್ರಸ್ಟಿಗಳು, ಅವರ ಸಂಬಂಧಿಕರು, ದೊಡ್ಡ ದೇಣಿಗೆ ಕೊಟ್ಟವರು, ಇವರ ಕಂಪನಿಗಳಿಗೆ ಪೇಟೆ ದರಕ್ಕಿಂತ ಹೆಚ್ಚು ಕೊಟ್ಟರೆ ಟ್ರಸ್ಟಿನ ತೆರಿಗೆ ವಿನಾಯಿತಿಗೇ ಕುತ್ತು. ಪ್ರತಿ ವರ್ಷ ಆದಾಯದ ಶೇ. 85ನ್ನು ಉದ್ದೇಶಕ್ಕೇ ಬಳಸಬೇಕೆಂಬುದು ಬೇರೆ. 2022ರ ಅಕ್ಟೋಬರಿನ ನ್ಯೂ ನೋಬಲ್ ಎಜುಕೇಶನಲ್ ಸೊಸೈಟಿ ತೀರ್ಪಿನ ನಂತರ 'ಶಿಕ್ಷಣಕ್ಕಾಗಿ ಮಾತ್ರ' ಎಂಬ ಮಾತಿಗೆ ನ್ಯಾಯಾಲಯ ಅಕ್ಷರಶಃ ಅರ್ಥ ಹಿಡಿದಿದೆ, ಹಳೆಯ ಟ್ರಸ್ಟ್ ಡೀಡಿನಲ್ಲಿ ಕಲ್ಯಾಣಮಂಟಪ, ಕೃಷಿ, ಆಸ್ಪತ್ರೆ ಎಲ್ಲ ಉದ್ದೇಶಗಳನ್ನೂ ತುಂಬಿದ್ದರೆ ಅದನ್ನು ತೆರಿಗೆ ಸಲಹೆಗಾರರಿಂದ ಓದಿಸಬೇಕು. ನೋಂದಾಯಿತ ಮನೆಯೊಡೆಯರ ವಾಣಿಜ್ಯ ಬಾಡಿಗೆಗೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಫೀಗೆ ಜಿಎಸ್‌ಟಿ ಇಲ್ಲದ ಶಾಲೆಗೆ ಅದನ್ನು ಹೊಂದಿಸಿಕೊಳ್ಳಲು ದಾರಿಯಿಲ್ಲ. ಲಕ್ಷ ಬಾಡಿಗೆ ಎಂದದ್ದು ಶಾಲೆಗೆ 1,18,000.

ಜಾಗವೂ ಸಣ್ಣದಲ್ಲ. ಸಿಬಿಎಸ್‌ಇಯ ಸಾಮಾನ್ಯ ನಿಯಮ 8,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 79 ಗುಂಟೆ, ಎರಡು ಎಕರೆಗೆ ಒಂದು ಗುಂಟೆ ಕಡಿಮೆ. ನಗರದೊಳಗೆ ರಿಯಾಯಿತಿ ಉಂಟು. ಕೃಷಿ ಜಮೀನಾದರೆ ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಬೇಕು. ಕೋಣೆಗಳು 8 ಮೀಟರ್‌ಗೆ 6 ಮೀಟರ್. ಒಂದನೇ ತರಗತಿಯಿಂದ ವರ್ಷಕ್ಕೊಂದು ಕ್ಲಾಸು ಏರಿಸುತ್ತ ಹೋದರೆ ಮೊದಲ ಹತ್ತನೇ ತರಗತಿ ಫಲಿತಾಂಶ ಬರಲು ಹತ್ತು ವರ್ಷ ಬೇಕು, ಪಾಲಕರು ಶಾಲೆಯನ್ನು ನಂಬುವುದೂ ಆಗಲೇ. ಮೂರಂತಸ್ತಿಗೆ ತಳಪಾಯ ಹಾಕಿ, ಮೊದಲು ಎಂಟು ಕೋಣೆ ಮಾತ್ರ ಎಬ್ಬಿಸುವವರು ಬದುಕುತ್ತಾರೆ. ಉದ್ಘಾಟನೆಗೇ ಇಡೀ ಕಟ್ಟಡ ಮುಗಿಸಿದವರು ಖಾಲಿ ಕೋಣೆಗೆ ಬಡ್ಡಿ ಕಟ್ಟುತ್ತಾರೆ. ನಡುವೆ ಸರ್ಕಾರ ವಯಸ್ಸಿನ ನಿಯಮ ಮುಟ್ಟಿದರೆ ಇನ್ನೊಂದು ಪೆಟ್ಟು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದನ್ನು 2025-26ರ ಸಾಲಿಗೆ ಮಾತ್ರ ಸಡಿಲಿಸಲಾಯಿತು. ಇಂಥ ಬದಲಾವಣೆಯಲ್ಲಿ ಒಂದು ಕ್ಲಾಸು ಅರ್ಧ ಖಾಲಿಯಾದರೆ ಆ ಖಾಲಿತನ ಎರಡು, ಮೂರು, ನಾಲ್ಕು ಎಂದು ಹತ್ತು ವರ್ಷ ಮೆಟ್ಟಿಲು ಹತ್ತುತ್ತಲೇ ಇರುತ್ತದೆ.

ನಡೆಯುತ್ತಿರುವ ಶಾಲೆಯನ್ನು ವಹಿಸಿಕೊಳ್ಳುವಾಗ ಎಲ್ಲರೂ ಮರೆಯುವುದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕೊಡಬೇಕಾದ ಗಂಟು. 2009ರ ತಿದ್ದುಪಡಿ ಶಿಕ್ಷಕರನ್ನು 1997ರ ಏಪ್ರಿಲ್ 3ರಿಂದಲೇ ಅದರ ವ್ಯಾಪ್ತಿಗೆ ತಂದಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಲೆಕ್ಕ ಸರಳ: ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 26,000 ಸಂಬಳದ, 12 ವರ್ಷ ಸೇವೆಯ ಟೀಚರಿಗೆ 1,80,000. ಅಂಥ 20 ಮಂದಿ ಇದ್ದರೆ 36 ಲಕ್ಷ. ಶಾಲೆಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಈ ಸಾಲು ಹುಡುಕಿ. ಇಲ್ಲದಿದ್ದರೆ ಬೆಲೆಯಿಂದ ಕಳೆಯಿರಿ.

ಫೀ ಕಂತುಗಳನ್ನು ಬೆಂಗಳೂರಿನ ಮಾದರಿಯಲ್ಲಿ ಜೂನ್, ಅಕ್ಟೋಬರ್ ಎಂದು ಇಟ್ಟರೆ ಗದಗ, ಹಾವೇರಿ, ನವಲಗುಂದ, ಕುಂದಗೋಳದ ಪಾಲಕರು ಕೊಡಲಾರರು, ಕೊಡಲು ಮನಸ್ಸಿಲ್ಲದೆ ಅಲ್ಲ. ಜೂನಿನಲ್ಲಿ ಅವರ ರೊಕ್ಕ ಬೀಜ-ಗೊಬ್ಬರಕ್ಕೆ ಹೋಗಿರುತ್ತದೆ. ಹೆಸರುಕಾಳು ಬಂದ ಮೇಲೆ ಸೆಪ್ಟೆಂಬರಿನಲ್ಲಿ ಸ್ವಲ್ಪ, ಕಡಲೆ ಒಕ್ಕಿ, ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋದ ಮೇಲೆ ಫೆಬ್ರುವರಿಯಲ್ಲಿ ಉಳಿದದ್ದು. ಜೂನಿಗೆ ಕಾಲು, ಸೆಪ್ಟೆಂಬರಿಗೆ ಕಾಲು, ಫೆಬ್ರುವರಿಗೆ ಅರ್ಧ ಎಂದಿಟ್ಟ ಶಾಲೆಯಲ್ಲಿ ಬಾಕಿ ಕಡಿಮೆ. ಆದರೆ ಜೂನಿನಿಂದ ಜನವರಿವರೆಗಿನ ಸಂಬಳಕ್ಕೆ ದುಡಿಯುವ ಬಂಡವಾಳ ಬೇಕು, ಅದನ್ನು ಮೊದಲೇ ಎಣಿಸಿರಬೇಕು. ಇನ್ನೊಂದು ಮಾತು: ಇಲ್ಲಿ ಎದುರಾಳಿ ಪಕ್ಕದ ಖಾಸಗಿ ಶಾಲೆ ಮಾತ್ರವಲ್ಲ. ಕರ್ನಾಟಕ ಕಾಲೇಜು 1917ರದು, ಏಳು ಶಿಕ್ಷಕರು ಬೆಳಗಾವಿಯಲ್ಲಿ ಕಟ್ಟಿದ ಕೆಎಲ್‌ಇ 1916ರದು, ಮಠಗಳ ಶಾಲೆ, ಪ್ರಸಾದ ನಿಲಯಗಳು ಅದಕ್ಕೂ ಆಳವಾಗಿ ಬೇರುಬಿಟ್ಟಿವೆ. ಅವರ ಜಾಗಕ್ಕೆ ಇವತ್ತಿನ ಬಡ್ಡಿ ಇಲ್ಲ. ಅವರ ಫೀಗೆ ನಿಮ್ಮ ಫೀ ಹೋಲಿಸುವ ಪಾಲಕರಿಗೆ ನಿಮ್ಮ ಬ್ಯಾಂಕ್ ಸಾಲದ ಕಥೆ ಬೇಕಿಲ್ಲ.

ಇಷ್ಟೆಲ್ಲ ನೋಡಿಯೂ ಕೋಚಿಂಗ್ ಸೆಂಟರಿಗೆ ಹಾಕುವುದೆಂದು ಒಪ್ಪಿದರೆ ನಾವು ಕರಾರಿನಲ್ಲಿ ಬರೆಸುವುದು ಎರಡು. ರೊಕ್ಕ ಒಮ್ಮೆಲೇ ಇಲ್ಲ. 30 ಲಕ್ಷವಾದರೆ ಸಹಿಯ ದಿನ 10, ಮುಂದಿನ ಬ್ಯಾಚ್ ಶುರುವಾಗಿ 60ನೇ ದಿನ ಹಾಜರಿ, ರಸೀದಿ, ಬ್ಯಾಂಕು ಮೂರೂ ತಾಳೆಯಾದರೆ 10, ವರ್ಷದ ಲೆಕ್ಕಪರಿಶೋಧನೆ ಮುಗಿದ ಮೇಲೆ 10. ಎರಡನೆಯದು, ಬ್ಯಾಂಕಿನಲ್ಲಿ ಎರಡು ಖಾತೆ. ವಿದ್ಯಾರ್ಥಿಗಳ ಫೀ ಎಲ್ಲ ಒಂದಕ್ಕೇ ಬರಬೇಕು, ಇಬ್ಬರ ಸಹಿ ಇಲ್ಲದೆ ಹೊರಹೋಗಬಾರದು. ಜಿಎಸ್‌ಟಿ ಅಲ್ಲಿಂದಲೇ ಕಟ್ಟಿ, ತಿಂಗಳು ಮುಗಿದಾಗ ಆರರಲ್ಲೊಂದು ಪಾಲು ಮಾತ್ರ ಖರ್ಚಿನ ಖಾತೆಗೆ ದಾಟಬೇಕು. ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ 2,41,526. ಮೊದಲ ತಿಂಗಳು ನೋಟ್ಸ್ ಮುದ್ರಣ ಸೇರಿ ಖರ್ಚು 2,83,000 ಆಗಿ 41,000ದಷ್ಟು ಸಾಲದೆ ಬರುತ್ತದೆ. ಹಾಕಿದ ಬಂಡವಾಳ ಮುಟ್ಟಬೇಕಾದದ್ದು ಇಂಥ ಕಂದಕಕ್ಕೆ. ಎರಡನೇ ಕಂತೂ ಬಂದು, ನಾಲ್ಕನೇ ತಿಂಗಳು ಮುಗಿದ ದಿನ ಫೀ ಖಾತೆಯಲ್ಲಿ 4,83,000 ಇರಲೇಬೇಕು, ಉಳಿದ ಎರಡು ತಿಂಗಳ ಪಾಠದ ರೊಕ್ಕ ಅದು. ಅಷ್ಟು ಇಲ್ಲದೆ, ಮುಂದಿನ ಬ್ಯಾಚಿನ ಪೋಸ್ಟರು ಮಾತ್ರ ಶ್ರೀನಗರ ಸರ್ಕಲ್ಲಿನ ಗೋಡೆಗೆ ಎರಡು ತಿಂಗಳು ಮುಂಚಿತವಾಗಿ ಅಂಟಿದ್ದರೆ, ಮೂರನೇ 10 ಲಕ್ಷದ ಚೆಕ್ಕು ಬರೆಯುವುದಿಲ್ಲ.